ಸೂಜಿಗೆ ಮುಂಚಿನ ಬಾಟಲಿ

‘ಒಂದು ಸೂಜಿ ಮಾಡ್ರಿ, ಎರಡು ಬಾಟ್ಲಿ ಏರಿಸ್ರಿ ಸಾಹೇಬ್ರ.’ ಜ್ವರ ಬಂದರೆ ನಮ್ಮ ಕಡೆ ದವಾಖಾನೆಯಲ್ಲಿ ಕೇಳುವ ಮಾತಿದು. ಬಾಟ್ಲಿ ಅಂದರೆ ಸಲೈನು. ನಂಜು ರಕ್ತಕ್ಕೆ ಸೇರಿದವರಿಗೆ ಇನ್ನೊಂದು ಬಗೆಯ ಬಾಟಲಿಯೂ ಬೇಕು: ರಕ್ತದಲ್ಲಿರುವ ಬ್ಯಾಕ್ಟೀರಿಯಾ ಯಾವುದೆಂದು ಬೆಳೆಸಿ ನೋಡುವ ಬ್ಲಡ್ ಕಲ್ಚರ್.

ಕಮಲಾಪುರದ ಹೊಲದಲ್ಲಿ ತೊಗರಿ ಕೂಳೆ ಅಂಗಾಲಿಗೆ ನೆಟ್ಟಿತು ಎಂದಿಟ್ಟುಕೊಳ್ಳಿ. ಅರಿಸಿನ ಒತ್ತಿ ಎರಡು ದಿನ ತಿರುಗಾಡಿದ್ದಾಯಿತು. ಮೂರನೇ ದಿನ ಕಾಲು ಬಾವು, ಗಡಗಡ ಚಳಿ. ಸಂಜೆಗೆ ಮಾತು ತಡವರಿಸುತ್ತದೆ, ಉಸಿರು ಏರುತ್ತದೆ, ಮೂತ್ರ ಕಮ್ಮಿಯಾಗುತ್ತದೆ. ಸೆಪ್ಸಿಸ್ ಎಂದರೆ ಇದೇ. ಹುಮನಾಬಾದ್ ರಸ್ತೆ ಹಿಡಿದರೆ ಕಲಬುರಗಿ ದೂರವೇನಲ್ಲ. ರಸ್ತೆಗಿಂತ ‘ಬೆಳಗಾಗ್ಲಿ ತಡಿ’ ಎಂಬ ಮಾತೇ ಹೆಚ್ಚು ಹೊತ್ತು ನುಂಗುತ್ತದೆ. ರಕ್ತದೊತ್ತಡ ಕುಸಿದ ರೋಗಿಗಳಲ್ಲಿ ತಕ್ಕ ಔಷಧಿ ಒಂದೊಂದು ಗಂಟೆ ತಡವಾದಂತೆ ಬದುಕುವ ಸಾಧ್ಯತೆ ಸರಾಸರಿ ಶೇ 7.6ರಷ್ಟು ಇಳಿದದ್ದನ್ನು ಕೆನಡಾದ ಡಾ. ಆನಂದ್ ಕುಮಾರ್ ತಂಡ 2006ರಲ್ಲೇ ತೋರಿಸಿತ್ತು. ಆ ಹಂತ ಮುಟ್ಟಿದವರಲ್ಲಿ ಹತ್ತಕ್ಕೆ ಸುಮಾರು ನಾಲ್ವರು ಉಳಿಯುವುದಿಲ್ಲ.

ಕಲಬುರಗಿಯ ಜಿಮ್ಸ್‌ನಂಥ ದೊಡ್ಡಾಸ್ಪತ್ರೆಯಲ್ಲಿ ಸಲೈನು, ಆಂಟಿಬಯಾಟಿಕ್, ಬಿ.ಪಿ. ಏರಿಸುವ ನಾರ್‌ಅಡ್ರಿನಲಿನ್ ಎಲ್ಲ ಬೆನ್ನುಬೆನ್ನಿಗೆ ಶುರುವಾಗುತ್ತವೆ. ಅದಕ್ಕೆ ಮುಂಚಿನ ಕೆಲಸ ಕಲ್ಚರ್ ಬಾಟಲಿಯದು. ಒಂದೊಂದಕ್ಕೆ 8ರಿಂದ 10 ಎಂ.ಎಲ್. ರಕ್ತ ಬೇಕು. ‘ಮೊದಲೇ ನಿತ್ರಾಣ ಆಗ್ಯಾನ, ಇಷ್ಟ್ಯಾಕ ರಗತ ತೆಗೀತೀರಿ?’ ಎಂದು ಮನೆಯವರು ಸಿಟ್ಟಾಗುತ್ತಾರೆ. ಎಷ್ಟೋ ಸಲ ಒಂದು ಎಂ.ಎಲ್.ಗೆ ಒಂದೇ ಬ್ಯಾಕ್ಟೀರಿಯಾ ಇರುತ್ತದೆ. ಚೂರು ರಕ್ತದಲ್ಲಿ ಅದು ಸಿಕ್ಕುವುದಿಲ್ಲ. ಒಂದು ಬಗೆಯ ಬಾಟಲಿಯ ತಳದಲ್ಲಿ ಹಸಿರು ಬಿಲ್ಲೆಯಿರುತ್ತದೆ. ಒಳಗೆ ಬ್ಯಾಕ್ಟೀರಿಯಾ ಬೆಳೆದು ಇಂಗಾಲದ ಡೈಆಕ್ಸೈಡ್ ಬಿಟ್ಟರೆ ಬಿಲ್ಲೆ ಹಳದಿಗೆ ತಿರುಗುತ್ತದೆ, ಯಂತ್ರ ಕೂಗಿಕೊಳ್ಳುತ್ತದೆ. ಊರಲ್ಲೇ ಎರಡು ಆಂಟಿಬಯಾಟಿಕ್ ಸೂಜಿ ಮಾಡಿಸಿಕೊಂಡು ಬಂದವರ ಬಾಟಲಿ, ಬ್ಯಾಕ್ಟೀರಿಯಾ ಬೆಳೆಯದೆ, ಹಸಿರಾಗಿಯೇ ಉಳಿಯಬಹುದು. ಆಮೇಲೆ ವೈದ್ಯರದು ಕತ್ತಲಲ್ಲಿ ಕಲ್ಲು. ಹಾಗಂತ ಕಲ್ಚರ್‌ಗಾಗಿ ಔಷಧಿ ತಡೆಯುವುದೂ ತಪ್ಪು.

ಬ್ಯಾಕ್ಟೀರಿಯಾದ ಹೆಸರು ಗೊತ್ತಾದರೆ ಔಷಧಿಯ ಲೆಕ್ಕ ಗೊತ್ತಾದಂತೆ. ಸ್ಟ್ಯಾಫಿಲೊಕಾಕಸ್ ಆರಿಯಸ್ ಸಿಕ್ಕಿದರೆ ಎಕೊ ಮಾಡಿ ಹೃದಯದ ಕವಾಟ ನೋಡಬೇಕು, ಕನಿಷ್ಠ 14 ದಿನ, ಒಮ್ಮೊಮ್ಮೆ ಆರು ವಾರ ಔಷಧಿ. ಉಳಿದ ಎಷ್ಟೋ ಬ್ಯಾಕ್ಟೀರಿಯಾಗಳಿಗೆ 7 ದಿನವೇ ಸಾಕೆಂದು 2024ರಲ್ಲಿ ಪ್ರಕಟವಾದ ಬ್ಯಾಲನ್ಸ್ ಅಧ್ಯಯನ ಹೇಳಿತು. ಎಷ್ಟು ದಿನ ಎಂಬುದು ವೈದ್ಯರ ಚೀಟಿ ಹೇಳಬೇಕಾದ ಮಾತು. ಕಮಲಾಪುರದ ಕೆಂಪು ಬಾಳೆ ಗುರುತಿಸದವರು ಇಲ್ಲಿ ಯಾರೂ ಇಲ್ಲ. ಆದರೆ ಆಂಟಿಬಯಾಟಿಕ್ ಮಾತ್ರೆ ಪಟ್ಟಿಯ ಕೆಂಪು ಗೆರೆ, ಅಂದರೆ ‘ಚೀಟಿ ಇಲ್ಲದೆ ತಗೋಬೇಡಿ’ ಎಂಬ ಗುರುತು, ಕಣ್ಣಿಗೇ ಬೀಳುವುದಿಲ್ಲ.

ಬದುಕಿ ಬಂದವರಿಗೂ ತಿಂಗಳುಗಟ್ಟಲೆ ಸುಸ್ತು, ಮರೆವು. ‘ಆರಾಮಾಗಿ ಬಂದಾನಲ್ಲ, ರಾಶಿಗ್ಯಾಕ ಬರವಲ್ಲ?’ ಎಂದು ಓಣಿಯವರು ಕೇಳುವಾಗ ಅವನಿಗೆ ನಾಲ್ಕು ಮೆಟ್ಟಿಲು ಹತ್ತಿದರೂ ಎದೆ ಹೊಡೆದುಕೊಳ್ಳುತ್ತಿರುತ್ತದೆ. ಮತ್ತೆ ಚಳಿ ಹತ್ತಿದರೆ ಅದೇ ದಿನ ಕಲಬುರಗಿಗೆ ಹೊರಡಬೇಕು, ಹಳೇ ಕಲ್ಚರ್ ಚೀಟಿ ಕಿಸೆಯಲ್ಲಿಟ್ಟುಕೊಂಡು.