ಗೃಹಿಣಿಯರು ಮುಚ್ಚಿಡಬಾರದ ಮಾತು

ನಮ್ಮ ಮನೆಗಳಲ್ಲಿ ಕೆಲವು ವ್ಯಾಧಿಗಳ ಹೆಸರೆತ್ತುವುದೇ ಅಮರ್ಯಾದೆಯೆಂದು ಭಾವಿಸುವ ಪದ್ಧತಿಯುಂಟು. ಜ್ವರ ಬಂದರೆ ನೆರೆಮನೆಯವರಿಗೂ ತಿಳಿಯುವುದು. ಗರ್ಭಕೋಶಕ್ಕೆ ಸಂಬಂಧಪಟ್ಟ ತೊಂದರೆಯಾದರೆ ಕೈಹಿಡಿದ ಪತಿಗೂ ತಿಳಿಯದು. ಈ ಸಂಕೋಚದಿಂದ ಪ್ರಾಣಹಾನಿಯೇ ಆಗುತ್ತಿರುವುದರಿಂದ, ಹ್ಯೂಮನ್ ಪ್ಯಾಪಿಲೋಮಾ ವೈರಸ್, ಸಂಕ್ಷೇಪವಾಗಿ ಎಚ್.ಪಿ.ವಿ., ಎಂಬ ರೋಗಾಣುವಿನ ವಿಷಯವನ್ನು ವಾಚಕರಲ್ಲಿ ಅರಿಕೆಮಾಡಿಕೊಳ್ಳಲು ಇಚ್ಛಿಸುತ್ತೇವೆ.

ಈ ರೋಗಾಣುವಿನಲ್ಲಿ ಇನ್ನೂರಕ್ಕೂ ಮೇಲ್ಪಟ್ಟು ಬಗೆಗಳಿರುವುವು. ಅವುಗಳಲ್ಲಿ ಸುಮಾರು 14 ಬಗೆಗಳು ಹೆಚ್ಚು ಅಪಾಯಕರವಾದುವು. ಗರ್ಭಕೋಶದ ಕೊರಳಿನಲ್ಲಿ ಹುಟ್ಟುವ ಕ್ಯಾನ್ಸರಿಗೆ ಹೆಚ್ಚುಕಡಿಮೆ ಇವೇ ಮೂಲ. ಜರ್ಮನಿಯ ಹರಾಲ್ಡ್ ಟ್ಸೂರ್ ಹೌಸೆನ್ ಎಂಬ ವಿಜ್ಞಾನಿಗಳು ಈ ಸಂಬಂಧವನ್ನು ಕಂಡುಹಿಡಿದು 2008ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು.

ಲಸಿಕೆ ಪಡೆಯದ ಸ್ತ್ರೀಯರಲ್ಲಿ ಈ ಅಪಾಯಕರವಾದ ಬಗೆಗಳು ಎಷ್ಟರಮಟ್ಟಿಗೆ ಹರಡಿರುವುವು? ನಮ್ಮ ನಾಡಿನ ಗಡಿಗೆ ಹೊಂದಿರುವ, ಈಗ ಧಾರಾಶಿವವೆಂದು ಕರೆಯಲ್ಪಡುವ, ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ 1999ರಿಂದ ನಡೆದ ಪರಿಶೋಧನೆಯು ಇದಕ್ಕೆ ಉತ್ತರ ಕೊಡುವುದು. ಲಸಿಕೆಯು ಬಳಕೆಗೆ ಬಂದುದು 2006ರಲ್ಲಿ. ಆದುದರಿಂದ ಅಲ್ಲಿ ಪರೀಕ್ಷೆಗೆ ಬಂದವರೆಲ್ಲರೂ ಲಸಿಕೆಯಿಲ್ಲದವರೇ. 30ರಿಂದ 59 ವರ್ಷ ವಯಸ್ಸಿನ 27,192 ಸ್ತ್ರೀಯರನ್ನು ಪರೀಕ್ಷಿಸಲಾಗಿ, 2,812 ಮಂದಿಯಲ್ಲಿ ರೋಗಾಣು ಕಂಡುಬಂದಿತು. ಎಂದರೆ ಹತ್ತು ಮಂದಿಯಲ್ಲಿ ಒಬ್ಬರು! ನೀರಿಗೆ ಹೋಗುವ ಹೆಂಗಸರ ಒಂದು ಗುಂಪಿನಲ್ಲಿ ಒಬ್ಬಳಾದರೂ ತನಗೇ ತಿಳಿಯದಂತೆ ಇದನ್ನು ಹೊತ್ತಿದ್ದಳೆಂದಾಯಿತು.

ಇಷ್ಟು ಮಂದಿಗೂ ಕ್ಯಾನ್ಸರ್ ಬರುವುದೆಂದು ವಾಚಕರು ಹೆದರಬೇಕಾದುದಿಲ್ಲ. ಬಹುಮಟ್ಟಿನ ಸೋಂಕುಗಳು ಒಂದೆರಡು ವರ್ಷಗಳಲ್ಲಿ ದೇಹದ ಸ್ವಶಕ್ತಿಯಿಂದಲೇ ಅಳಿದುಹೋಗುವುವು. ಅಳಿಯದೆ ನೆಲೆನಿಂತ ಸೋಂಕು ಮಾತ್ರ, ಸಾಮಾನ್ಯವಾಗಿ 15–20 ವರ್ಷಗಳ ಅವಧಿಯಲ್ಲಿ, ಕ್ಯಾನ್ಸರಾಗಿ ಪರಿಣಮಿಸಬಹುದು. ಇದು ದೈಹಿಕ ಸಂಸರ್ಗದಿಂದ ಹರಡುವುದು ನಿಜ. ಆದರೆ ಗಂಡಸರಲ್ಲಿಯೂ ಹೆಂಗಸರಲ್ಲಿಯೂ ಯಾವ ಚಿಹ್ನೆಯನ್ನೂ ತೋರದೆ ಬಹುಕಾಲ ಅಡಗಿರಬಲ್ಲುದು. ಆದುದರಿಂದ ಸೋಂಕು ಕಂಡ ಮಾತ್ರಕ್ಕೆ ಪತಿಪತ್ನಿಯರು ಒಬ್ಬರೊಬ್ಬರ ಶೀಲವನ್ನು ಶಂಕಿಸುವುದು ಅವಿವೇಕವೂ ಅನ್ಯಾಯವೂ ಆಗಿರುವುದು.

ಆ ಹಳ್ಳಿಗಳಿಂದ ನಾವು ಕಲಿಯಬೇಕಾದ ಪಾಠ ಇನ್ನೊಂದುಂಟು. ರೋಗಾಣುವಿನ ಪರೀಕ್ಷೆಯನ್ನು ಒಂದೇ ಒಂದು ಸಲ ಏರ್ಪಡಿಸಿ, ದೋಷ ಕಂಡವರಿಗೆ ಚಿಕಿತ್ಸೆ ಮಾಡಿದ ಗ್ರಾಮಗಳಲ್ಲಿ, ಎಂಟು ವರ್ಷಗಳಲ್ಲಿ ಈ ಕ್ಯಾನ್ಸರಿನ ಮರಣಗಳು ಪರೀಕ್ಷೆಯ ಏರ್ಪಾಡಿಲ್ಲದ ಗ್ರಾಮಗಳಿಗಿಂತ ಸುಮಾರು ಅರ್ಧಕ್ಕೆ ಇಳಿದುವು. ನಮ್ಮ ದೇಶದಲ್ಲಿ 2022ರೊಂದರಲ್ಲಿಯೇ ಸುಮಾರು 80,000 ಸ್ತ್ರೀಯರು ಈ ರೋಗದಿಂದ ಮಡಿದರೆಂಬ ಅಂದಾಜನ್ನು ನೆನೆದರೆ, ಆ ಅರ್ಧದ ಬೆಲೆ ಎಷ್ಟೆಂದು ಹೇಳಬೇಕೆ?

ಮನೆಯ ಯಜಮಾನರೂ ಗೃಹಿಣಿಯರೂ ಮಾಡಬೇಕಾದುದು ಇಷ್ಟು: 9ರಿಂದ 14 ವರ್ಷದೊಳಗಿನ ಹೆಣ್ಣುಮಕ್ಕಳಿಗೆ ವೈದ್ಯರನ್ನು ಕೇಳಿ ಲಸಿಕೆ ಹಾಕಿಸತಕ್ಕದ್ದು. ಆಗಲೇ ತಗುಲಿರುವ ಸೋಂಕನ್ನು ಲಸಿಕೆಯು ಹೋಗಲಾಡಿಸಲಾರದು. ಆದುದರಿಂದಲೇ ಎಳೆಯ ವಯಸ್ಸಿನಲ್ಲಿ ಹಾಕಿಸುವುದು ಉತ್ತಮ. ಮೂವತ್ತು ದಾಟಿದ ಸ್ತ್ರೀಯರು, ಲಸಿಕೆ ಪಡೆದವರೂ ಸೇರಿ, ತೊಂದರೆಯಿಲ್ಲದಿದ್ದರೂ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಮುಟ್ಟು ನಿಂತ ಮೇಲೆ, ಎರಡು ಮುಟ್ಟುಗಳ ನಡುವೆ, ಇಲ್ಲವೆ ಸಂಸರ್ಗದ ನಂತರ ರಕ್ತ ಕಂಡರೆ ತಡಮಾಡದೆ ವೈದ್ಯರ ಬಳಿಗೆ ಹೋಗತಕ್ಕದ್ದು.

ಪರೀಕ್ಷೆಗೆ ಬೇಕಾಗುವುದು ಕೆಲವು ನಿಮಿಷಗಳು. ಸಂಕೋಚವಾದರೆ ಹೆಂಗಸು ವೈದ್ಯರನ್ನೇ ಕೇಳಿಕೊಳ್ಳಬಹುದು. ಮನೆಯವರೆಲ್ಲರ ಆರೋಗ್ಯವನ್ನು ಕಾಯುವ ತಾಯಿಯು ತನ್ನದನ್ನು ಕಡೆಯ ಸರದಿಗೆ ಇಟ್ಟುಕೊಳ್ಳುವುದು ನಮ್ಮಲ್ಲಿ ವಾಡಿಕೆ. ಆ ವಾಡಿಕೆಯನ್ನು ಬಿಡಿಸುವ ಮಾತು ಮನೆಯವರಿಂದಲೇ ಮೊದಲು ಬರಲೆಂಬುದು ನಮ್ಮ ಪ್ರಾರ್ಥನೆ.