ಅಮಲ್ದಾರನ ಕರಾರು, ರೈತರ ಕೂಟ

ಭದ್ರಾ ನಾಲೆಯ ಕೊನೇ ಭಾಗದ ರೈತನಿಗೆ ಸರ್ಕಾರವೆಂದರೆ ವಿಧಾನಸೌಧವಲ್ಲ, ತೂಬಿನ ಹತ್ತಿರ ನಿಂತ ನೀರುಗಂಟಿ. ಕತ್ತಲಗೆರೆಯಲ್ಲಿ ಗದ್ದೆ ಮಾಡಿಕೊಂಡು, ಒಂದು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯನೂ ಆಗಿದ್ದ ನನಗೆ ದೊರೆಗಳ ಚರಿತ್ರೆ ಓದುವಾಗಲೂ ಕಣ್ಣು ಹೋಗುವುದು ಕೆಳಗಿನ ಅಧಿಕಾರಿಗಳ ಕಡೆಗೇ. ಒಬ್ಬರ ಆಳ್ವಿಕೆ ಬಲಿಯುವುದೂ ಕುಸಿಯುವುದೂ ಅವರ ಮೂಲಕವೇ. ನಮ್ಮ ಸೀಮೆಯ ನಗರ (ಹಳೆಯ ಬಿದನೂರು) ದಂಗೆಯನ್ನೇ ನೋಡಿ.

1830ರ ಹೊತ್ತಿಗೆ ಮುಮ್ಮಡಿ ಕೃಷ್ಣರಾಜ ಒಡೆಯರ ಖಜಾನೆ ಸೊರಗಿತ್ತು. ಕಂದಾಯ ವಸೂಲಿಗೆ ಷರತ್ತು ಪದ್ಧತಿ ಜಾರಿಯಲ್ಲಿತ್ತು. ಇಂತಿಷ್ಟು ಹಣ ಎತ್ತಿಕೊಡುತ್ತೇನೆಂದು ಅಮಲ್ದಾರ ಬರೆದುಕೊಡಬೇಕು. ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು, ಹೆಚ್ಚು ಬಂದರೆ ಅದೂ ಸರ್ಕಾರಕ್ಕೆ. ಕೈಯಿಂದ ಯಾರಪ್ಪ ತುಂಬುತ್ತಾರೆ, ರೈತನ ಕಣಜ ಇರುವಾಗ! ಮೈಸೂರಿನಲ್ಲಿ ಕೂತವರಿಗೆ ಇದು ಬಿಗಿಯಾದ ಆಡಳಿತವಾಗಿಯೇ ಕಂಡಿರಬೇಕು. ಆದರೆ ಬೆಳೆ ಹೋಗಿದೆ, ಜನ ಸೋತಿದ್ದಾರೆ ಎಂದು ವರದಿ ಬರೆದರೆ ಅಮಲ್ದಾರನಿಗೇ ನಷ್ಟ. ಹೀಗಾಗಿ ಹಳ್ಳಿಯ ನಿಜ ಮೇಲೆ ಮುಟ್ಟುವ ದಾರಿಯೇ ಮುಚ್ಚಿಹೋಯಿತು.

ಆಗಿನ ತೆರಿಗೆಗಳ ಕಥೆ ಕೇಳಿದರೆ ನಗು ಬರುತ್ತದೆ, ಕಟ್ಟಿದವರಿಗೆ ಬಂದಿರಲಾರದು. ಮದುವೆಗೆ, ಮಗು ಹುಟ್ಟಿದ್ದಕ್ಕೆ, ಹೆಸರಿಟ್ಟಿದ್ದಕ್ಕೆ, ತಲೆ ಬೋಳಿಸಿದ್ದಕ್ಕೆಲ್ಲ ತೆರಿಗೆ. ಒಂದು ಊರಿನವರಂತೂ, ಪಾಳೆಯಗಾರನ ಕಳೆದುಹೋದ ಕುದುರೆಯನ್ನು ತಮ್ಮ ಹಿರಿಯರು ಹುಡುಕಿಕೊಡಲಿಲ್ಲವೆಂದು ತೆರಿಗೆ ಕಟ್ಟುತ್ತಿದ್ದರು. ಇದೆಲ್ಲ ಸರ್ಕಾರಿ ದಫ್ತರದಲ್ಲಿ ದಾಖಲಾಗಿದ್ದ ಬಾಬತ್ತು.

ರೈತರು ಕೂಟ ಕಟ್ಟಿದರು. ಓಲೆಗಳು ಊರಿಂದೂರಿಗೆ ಓಡಿದವು, ಕಂದಾಯದ ಕಂತು ನಿಂತಿತು. ನಗರದ ಅರಸುಮನೆತನದವನೆಂದು ಹೇಳಿಕೊಂಡ ಬೂದಿ ಬಸವಪ್ಪ ಹಳೇ ಬಾಕಿಯೆಲ್ಲ ಮನ್ನಾ ಎಂದ. ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕನೂ ಎದ್ದ. ಕೆಲವರನ್ನು ನೇಣಿಗೇರಿಸಿದರೂ ದಂಗೆ ಇಳಿಯಲಿಲ್ಲ. ನಮ್ಮ ಪಕ್ಕದ ಹೊನ್ನಾಳಿಯನ್ನು ಸೇನೆ ಕಾದಾಡಿಯೇ ಹಿಡಿಯಬೇಕಾಯಿತು. ಊರಿನ ಗೌಡರೇ ಕೂಟದಲ್ಲಿ ಕೂತ ಮೇಲೆ ಅಮಲ್ದಾರನ ಕರಾರುಪತ್ರಕ್ಕೆ ಏನು ಬೆಲೆ?

1831ರಲ್ಲಿ ಕಂಪನಿ ಸರ್ಕಾರ ಆಡಳಿತವನ್ನು ಕಿತ್ತುಕೊಂಡಿತು. ಇದನ್ನು ರೈತರ ಗೆಲುವೆಂದು ಬರೆಯುವವರಿದ್ದಾರೆ, ನನಗೆ ಒಪ್ಪಿಗೆಯಿಲ್ಲ. 1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ 769 ಚಿಲ್ಲರೆ ತೆರಿಗೆಗಳನ್ನು ತೆಗೆದುಹಾಕಿದ್ದು ನಿಜ. ಆದರೂ ಆತ ಹಳ್ಳಿಯವರು ಆರಿಸಿದವನಲ್ಲ, ಇಳಿಸಬಹುದಾದವನೂ ಅಲ್ಲ. ದೊರೆ ಒಳ್ಳೆಯವನಾದ ಮಾತ್ರಕ್ಕೆ ಲೆಕ್ಕ ಕೇಳುವ ಹಕ್ಕು ಪ್ರಜೆಗೆ ಬರುವುದಿಲ್ಲ. ಒಡೆಯರಿಗೆ ರಾಜ್ಯ ಮರಳಿದ 1881ರಲ್ಲೇ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದದ್ದು ನನ್ನ ಲೆಕ್ಕದಲ್ಲಿ ದೊಡ್ಡದು. ಅಲ್ಲಿ ಅಹವಾಲು ಹೇಳಬಹುದಿತ್ತು, ಅಷ್ಟೇ ಆದರೂ.

ಈಗ ನಮಗೆ 1993ರ ಪಂಚಾಯತ್ ರಾಜ್ ಕಾಯ್ದೆ ಇದೆ. ಹಾಗಿದ್ದೂ 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಆಡಳಿತಾಧಿಕಾರಿಯೇ ಎಲ್ಲ. ಬೀದಿಯಲ್ಲಿ ಯಾರೂ ಕೂಗಲಿಲ್ಲ, ನಾನೂ ಸೇರಿ. ಗ್ರಾಮಸಭೆಗೆ ಹೋದರೆ ಕುರ್ಚಿಗಳು ಖಾಲಿ. ನಡಾವಳಿ ಪುಸ್ತಕದಲ್ಲಿ ಮಾತ್ರ ಸಹಿಗಳು ಭರ್ತಿ.

ನಿಮ್ಮೂರಿನಲ್ಲಿ ಮುಂದಿನ ಜಮಾಬಂದಿ, ಅಂದರೆ ಪಂಚಾಯಿತಿ ಲೆಕ್ಕವನ್ನು ಊರವರ ಮುಂದೆ ತಪಾಸಿಸುವ ಸಭೆ, ಯಾವತ್ತೆಂದು ಪಂಚಾಯಿತಿ ಕಚೇರಿಯಲ್ಲಿ ವಿಚಾರಿಸಿ. ಆ ದಿನ ಹೋಗಿ, ನಿಮ್ಮ ಮನೆ ಮುಂದಿನ ಚರಂಡಿಗೆ ಖರ್ಚಾದ ಹಣದ ಬಿಲ್ಲು ತೆಗೆಸಿ ನೋಡಿ. ಒಬ್ಬರೇ ಹೋಗಬೇಡಿ, ಓಣಿಯವರನ್ನೂ ಕರೆದುಕೊಂಡು ಹೋಗಿ.