ಮುಂಬಾಗಿಲು ಬದಲಿಸೋ ಮುಂಚೆ...

ಮಳೆಗಾಲ ಶುರುವಾದರೆ ಸಾಕು, ನಮ್ಮನೆ ಮುಂಬಾಗಿಲು ಮುನಿಸಿಕೊಳ್ಳುತ್ತಿತ್ತು. ಹಾಕೋಕೆ ಭುಜ ಕೊಡಬೇಕು, ತೆಗೆಯೋಕೆ ಎರಡೂ ಕೈ ಬೇಕು. ವರ್ಷಾವರ್ಷಾ ಬಡಗಿ ಬಂದು ಅಂಚು ಕೀಸಿ ಕೊಟ್ಟು ಹೋಗುತ್ತಿದ್ದ. ಒಂದು ದಿನ ಕೆಳಗಿನ ಮೂಲೆಯೇ ಪುಡಿಪುಡಿಯಾಗಿ ಉದುರಿದಾಗ ನಮ್ಮ ಯಜಮಾನರು, 'ಹೊಸದೇ ಹಾಕಿಸಿಬಿಡೋಣ' ಅಂದರು.

ಬಡಗಿ ಹಳೇ ಬಾಗಿಲಿನ ಅಳತೆ ತಗೊಂಡು ಹೋದ. ಹೊಸದು ಬಂದ ದಿನ ಬೆಳಿಗ್ಗೆಯೇ ಹಳೆಯದನ್ನು ಬಿಚ್ಚಿ ಗುಜರಿಯವನಿಗೆ ಕೊಟ್ಟೂ ಆಯ್ತು. ಸಂಜೆ ಹೊಸ ಬಾಗಿಲು ನಿಲ್ಲಿಸಿದರೆ, ಬೆರಳು ತೂರುವಷ್ಟು ಸಂದು! ಕೀಸಿ ಕೀಸಿ ಸಣ್ಣದಾಗಿದ್ದ ಬಾಗಿಲಿನ ಅಳತೆಗೇ ಮಾಡಿಸಿದ್ದ ಮಹಾರಾಯ. ಚಿಲಕ ಚೌಕಟ್ಟಿಗೆ ಎಟುಕಲೇ ಇಲ್ಲ. ಆ ರಾತ್ರಿ ಊಟದ ಟೇಬಲ್ ಅನ್ನು ಬಾಗಿಲಿಗೆ ಒತ್ತರಿಸಿ, ಹಾಲ್‌ನಲ್ಲೇ ಹಾಸಿಗೆ ಹಾಸಿಕೊಂಡೆವು. ನಿದ್ದೆ ಎಲ್ಲಿಂದ ಬರಬೇಕು ಹೇಳಿ? ಆ ಪಾಡು ನಿಮಗೆ ಬೇಡ.

ಮೊದಲು ಚೌಕಟ್ಟು ನೋಡಿ

ಬಾಗಿಲು ಕೆಟ್ಟಿತೆಂದರೆ ಚೌಕಟ್ಟೂ ಕೆಟ್ಟಿರಬೇಕೆಂದಿಲ್ಲ. ಹೊಸ್ತಿಲ ಹತ್ತಿರ ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿ. ದಿನಾ ನೀರು ಹಾಕಿ ಒರೆಸಿ ಅರಿಶಿನ-ಕುಂಕುಮ ಇಡುವ ಜಾಗವಲ್ಲವೇ, ತೇವ ಹಿಡಿಯುವುದೂ ಅಲ್ಲಿಂದಲೇ. ತುದಿ ಮೆತ್ತಗೆ ಒಳಗಿಳಿದರೆ ಮರ ಕೊಳೆತಿದೆ. ಮಣ್ಣಿನ ಗೆರೆ ಕಂಡರೆ ಗೆದ್ದಲು. ಆಗ ಚೌಕಟ್ಟೂ ಬದಲಾಗಬೇಕು, ಗಾರೆ ಕೆಲಸದ ಖರ್ಚೂ ಸೇರುತ್ತದೆ. ಗಟ್ಟಿಯಿದ್ದರೆ ಬಾಗಿಲಷ್ಟೇ ಸಾಕು.

ಅಳತೆ ಬಾಗಿಲಿನದಲ್ಲ!

ಅಳತೆಯನ್ನು ಚೌಕಟ್ಟಿನಲ್ಲಿ ಬಾಗಿಲು ಕೂರುವ ಜಾಗದಿಂದಲೇ ತೆಗೆಸಿ. ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಬೇಕು. ಎತ್ತರವನ್ನು ಎರಡೂ ಬದಿಗೆ ಅಳೆಯಿರಿ. ಆಮೇಲೆ ಟೇಪನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಎರಡು ಸಲ ಹಿಡಿಯಿರಿ. ಎರಡೂ ಲೆಕ್ಕ ಒಂದೇ ಬರದಿದ್ದರೆ ಚೌಕಟ್ಟು ವಾಲಿದೆ ಎಂದರ್ಥ, ಬಡಗಿಗೆ ಮೊದಲೇ ತೋರಿಸಿ. ಕೂರಿಸಿದ ಮೇಲೆ ಪಕ್ಕದಲ್ಲಿ ಸುಮಾರು 3 ಮಿಲಿಮೀಟರ್ ಸಂದು ಇದ್ದರೆ ಸರಿ.

ಯಾವ ಮರ?

ಮುಂಬಾಗಿಲಿಗೆ ತೇಗವೇ ಮೇಲು. ಗೆದ್ದಲು ಸುಲಭಕ್ಕೆ ಹತ್ತೋದಿಲ್ಲ, ಉಬ್ಬೋದೂ ಕಮ್ಮಿ. ಹೊನ್ನೆ, ಹಲಸೂ ಒಳ್ಳೆಯವೇ. ಯಾವುದೇ ಆದರೂ ಚೆನ್ನಾಗಿ ಒಣಗಿರಬೇಕು, ಹಸಿ ಮರ ಬೇಸಿಗೆಗೆ ತಿರುಚಿಕೊಳ್ಳುತ್ತದೆ. ಬಜೆಟ್ ಕಮ್ಮಿಯಿದ್ದರೆ ಫ್ಲಶ್ ಡೋರ್ ಆಗಬಹುದು. ಐಎಸ್‌ಐ ಗುರುತು ಇದೆಯೇ, ಅಂಟು ನೀರು ತಡೆಯುವ 'ಬಿಡಬ್ಲ್ಯುಪಿ' ದರ್ಜೆಯದೇ ಎಂದು ಕೇಳಿ ತಗೊಳ್ಳಿ. ಒಳಕೋಣೆಗೆ ಹಾಕುವ ತೆಳು ಬಾಗಿಲು ಇಲ್ಲಿ ಬೇಡ, 35 ಮಿಲಿಮೀಟರ್ ದಪ್ಪವಾದರೂ ಇರಲಿ.

ಕಣ್ಣಿಗೆ ಬೀಳದ ಅಂಚು

ಬಾಗಿಲು ಉಬ್ಬೋದು ಯಾಕೆ ಗೊತ್ತಾ? ಮುಂದೆ, ಹಿಂದೆ ಮಿರಮಿರ ಪಾಲಿಶ್ ಮಾಡಿ, ಕಾಣದ ಮೇಲಂಚು, ಕೆಳಅಂಚನ್ನು ಹಾಗೇ ಬಿಟ್ಟುಬಿಡುತ್ತಾರೆ. ಮಳೆನೀರು, ನೆಲ ಒರೆಸಿದ ನೀರು ಅಲ್ಲಿಂದಲೇ ಒಳಗೆ ಹೋಗುತ್ತದೆ. ಬಾಗಿಲು ನಿಲ್ಲಿಸುವ ಮುಂಚೆಯೇ ಎದುರಿಗೆ ನಿಂತು ಆರೂ ಮೈಗೆ ಪಾಲಿಶ್ ಅಥವಾ ಪೇಂಟ್ ಹೊಡೆಸಿ. ಮುಂಬಾಗಿಲಿನ ಮೇಲೊಂದು ಸಜ್ಜಾ ಇದ್ದರಂತೂ ಬಾಗಿಲಿನ ಆಯಸ್ಸೇ ಹೆಚ್ಚುತ್ತದೆ.

ನೆನಪಿರಲಿ

* ಭಾರದ ಬಾಗಿಲಿಗೆ 5 ಇಂಚಿನ ನಾಲ್ಕು ತಿರುಗಣೆ ಹಾಕಿಸಿ. ಸ್ಕ್ರೂಗಳನ್ನು ತಿರುಗಿಸಿಯೇ ಹಾಕಬೇಕು, ಸುತ್ತಿಗೆಯಲ್ಲಿ ಹೊಡೆಯಲು ಬಿಡಬೇಡಿ. ಹೊಡೆದ ಸ್ಕ್ರೂ ಬೇಗ ಸಡಿಲವಾಗಿ ಬಾಗಿಲು ಜೋತುಬೀಳುತ್ತದೆ.
* ಮ್ಯಾಜಿಕ್ ಐ ನಿಮ್ಮ ಕಣ್ಣಿನ ಎತ್ತರಕ್ಕೆ ಇರಲಿ, ಯಜಮಾನರ ಎತ್ತರಕ್ಕಲ್ಲ. ಮಧ್ಯಾಹ್ನ ಬೆಲ್ ಆದಾಗ ನೋಡೋರು ನೀವು ತಾನೇ? ಜೊತೆಗೆ ಸೇಫ್ಟಿ ಚೈನ್ ಹಾಕಿಸಿ.
* ಹೊಸ ಬೀಗದ ಎಲ್ಲಾ ಕೀಗಳನ್ನೂ ಎಣಿಸಿ ನೀವೇ ಇಟ್ಟುಕೊಳ್ಳಿ.
* ಕೆಲಸ ಬೆಳಿಗ್ಗೆಯೇ ಶುರುವಾಗಲಿ. ಹೊಸ ಬಾಗಿಲು ಕೂತು, ಚಿಲಕ ಬಿದ್ದು, ಬೀಗ ತಿರುಗುವ ತನಕ ಹಳೆಯದನ್ನು ಮನೆಯಿಂದಾಚೆ ಕಳಿಸಬೇಡಿ.
* ಪೂರ್ತಿ ಹಣವನ್ನೂ ಅಲ್ಲಿಯವರೆಗೆ ಕೊಡಬೇಡಿ!

ನಮ್ಮನೆಗೂ ಆಮೇಲೆ ಸರಿಯಾದ ಅಳತೆಯ ಬಾಗಿಲು ಬಂತು. ಚಿಲಕ 'ಟಕ್' ಅಂತ ಬಿದ್ದ ಆ ರಾತ್ರಿ ಬಂದ ನಿದ್ದೆ ಇದೆಯಲ್ಲ, ಅದರ ಸುಖವೇ ಬೇರೆ.